ಬಾಯಿ ತೆರೆಯದ ರೋಗಿ ಮತ್ತು ಕೆಮ್ಮಿನ ಭಯ

ರೋಗಿ ತನ್ನ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಬಲ್ಲನೇ ಎಂದು ಅರಿವಳಿಕೆ ತಜ್ಞರು ಶಸ್ತ್ರಚಿಕಿತ್ಸೆಗೆ ಮೊದಲೇ ನೋಡುತ್ತಾರೆ. ವರ್ಷಗಟ್ಟಲೆ ಗುಟ್ಕಾ ಜಗಿದು ಕೆನ್ನೆಯ ಒಳಪದರ ನಾರುಗಟ್ಟಿದವರಿಗೆ ಒಂದು ಬೆರಳೂ ಕಷ್ಟ. ಬಾಯಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಬರುವ ಇಂಥವರು ನಮ್ಮ ಆಸ್ಪತ್ರೆಗಳಿಗೆ ಹೊಸಬರಲ್ಲ. ಅವರನ್ನು ಎಚ್ಚರವಾಗಿಯೇ ಇಟ್ಟು, ಗಂಟಲು ಮರಗಟ್ಟಿಸಿ, ಮೂಗಿನ ಮೂಲಕ ಫೈಬರ್‌ಆಪ್ಟಿಕ್ ಸ್ಕೋಪ್ ಇಳಿಸಿ ಅದರ ಮೇಲೆ ಉಸಿರಾಟದ ಟ್ಯೂಬ್ ಜಾರಿಸುವುದು ಹಳೆಯ, ನಂಬಿಕೆಯ ದಾರಿ. ರೋಗಿ ತಾನೇ ಉಸಿರಾಡುತ್ತಿರುವುದರಿಂದ, ಆಗದಿದ್ದರೆ ಹಿಂದೆ ಸರಿಯಬಹುದು.

ಕೋವಿಡ್ ಬಂದಾಗ ಈ ದಾರಿಯ ಮೇಲೆ ಅನುಮಾನ ಬಿತ್ತು. ಎಚ್ಚರವಿರುವವರು ಕೆಮ್ಮುತ್ತಾರೆ, ಅದೂ ವೈದ್ಯರ ಮುಖಕ್ಕೇ. 2003ರಲ್ಲಿ ಟೊರಾಂಟೊದಲ್ಲಿ ಸಾರ್ಸ್ ರೋಗಿಗಳಿಗೆ ಟ್ಯೂಬ್ ಹಾಕಿದ ಸಿಬ್ಬಂದಿಗೆ ಸೋಂಕು ತಗುಲಿದ್ದು ಎಲ್ಲರ ನೆನಪಿನಲ್ಲಿತ್ತು. ಎಚ್ಚರದ ವಿಧಾನವನ್ನು ಆದಷ್ಟು ಬಿಡಿ, ನಿದ್ರೆಗೊಯ್ದು, ಸ್ನಾಯು ಪೂರ್ತಿ ಸಡಿಲಿಸಿ, ಅತ್ಯಂತ ಅನುಭವಿಯೇ ಬಾಯಿಂದ ಗಂಟಲು ನೋಡುವ ವಿಡಿಯೋ ಲ್ಯಾರಿಂಗೋಸ್ಕೋಪ್ ಹಿಡಿಯಲಿ ಎಂದಿತು 2020ರ ಬ್ರಿಟಿಷ್ ಮಾರ್ಗಸೂಚಿ. ಇದರ ಹಿಂದಿದ್ದದ್ದು ಬರೀ ಪ್ರಾಣಭಯವಲ್ಲ. ಒಬ್ಬರೋ ಇಬ್ಬರೋ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲಿ ಅವರೇ ಹಾಸಿಗೆ ಹಿಡಿದರೆ ಹೆರಿಗೆ ಶಸ್ತ್ರಚಿಕಿತ್ಸೆಗಳೂ ನಿಲ್ಲುತ್ತವೆ.

ಆದರೆ ಔಷಧ ಸಡಿಲಿಸುವುದು ಸ್ನಾಯುವನ್ನು, ಗಾಯದ ನಾರನ್ನಲ್ಲ. ನಿದ್ರೆ ಬಂದ ಮೇಲೂ ಆ ಬಾಯಿ ಅಷ್ಟೇ ತೆರೆಯುತ್ತದೆ. ಉಸಿರನ್ನು ಮಾತ್ರ ನಾವೇ ನಿಲ್ಲಿಸಿರುತ್ತೇವೆ. ಮಾಸ್ಕಿನಲ್ಲೂ ಗಾಳಿ ಹೋಗದಿದ್ದರೆ ಉಳಿಯುವುದು ಕೆಲವೇ ನಿಮಿಷ, ಮಂಜುಗಟ್ಟಿದ ರಕ್ಷಣಾ ಕನ್ನಡಕದೊಳಗಿಂದ, ಉಸಿರಿಗೆ ದಾರಿ ಮಾಡಲು ಕುತ್ತಿಗೆ ಕೊಯ್ಯುವ ಅವಸ್ಥೆ. ವೈದ್ಯರನ್ನು ಕಾಯಲೆಂದು ಆಯ್ದ ದಾರಿ ಕೊನೆಗೆ ವೈದ್ಯರು, ರೋಗಿ ಇಬ್ಬರನ್ನೂ ಅಪಾಯಕ್ಕೆ ತಳ್ಳುತ್ತದೆ.

ಹಾಗಾದರೆ ಕೆಮ್ಮಿನ ಭಯ ಎಷ್ಟು ನಿಜ? 2020ರ ಕೊನೆಗೆ ಬ್ರಿಸ್ಟಲ್‌ನ ಸಂಶೋಧಕರ ತಂಡ ಆಪರೇಷನ್ ಥಿಯೇಟರಿನ ಗಾಳಿಯ ಕಣಗಳನ್ನೇ ಎಣಿಸಿತು. ಟ್ಯೂಬ್ ಹಾಕುವಾಗ ಹೊಮ್ಮಿದ್ದು, ಬೇಕೆಂದೇ ಕೆಮ್ಮಿದಾಗ ಹೊಮ್ಮಿದ್ದಕ್ಕಿಂತ ಸುಮಾರು 500 ಪಟ್ಟು ಕಡಿಮೆ. ಟ್ಯೂಬ್ ಹಾಕಿಸಿಕೊಂಡವರೆಲ್ಲ ನಿದ್ರೆಯಲ್ಲಿದ್ದವರು ಎಂಬುದನ್ನು ಮರೆಯಬಾರದು. ಹಾಗಾಗಿ ಈ ಲೆಕ್ಕದಿಂದ ಎಚ್ಚರದ ವಿಧಾನ ನಿರಪಾಯಿ ಎಂದಾಗುವುದಿಲ್ಲ. ಟ್ಯೂಬಿಗಿಂತ ಕೆಮ್ಮಿಗೆ ಹೆದರಬೇಕು ಎಂದಾಗುತ್ತದೆ.

ಕೆಮ್ಮು ತಡೆಯುವ ಕೆಲಸವೂ ಸಲೀಸಲ್ಲ. ಗಂಟಲು ಮರಗಟ್ಟಿಸುವ ಲಿಗ್ನೊಕೇನನ್ನು ನೆಬ್ಯುಲೈಸರಿನಲ್ಲಿ ಕೊಟ್ಟರೆ ಅದೇ ಮಂಜು ಹರಡುತ್ತದೆ, ಕುತ್ತಿಗೆಯಿಂದ ಶ್ವಾಸನಾಳಕ್ಕೆ ಚುಚ್ಚಿದರೆ ಕೆಮ್ಮು ಬಂದೇ ಬರುತ್ತದೆ. ಸ್ಕೋಪಿನ ಮೂಲಕ ಸ್ವಲ್ಪಸ್ವಲ್ಪವೇ ಹನಿಸುತ್ತ ಕಾಯಬೇಕು. ಅಷ್ಟು ಹೊತ್ತೂ ವೈದ್ಯರು ಆ ಮುಖದ ಹತ್ತಿರವೇ ಇರಬೇಕು.

ಎರಡು ಬೆರಳು ಹೋಗುವ, ಮಾಸ್ಕಿನಲ್ಲಿ ಉಸಿರು ಕೊಡಬಲ್ಲ ರೋಗಿಗೆ ನಿದ್ರೆಯ ದಾರಿಯೇ ಸರಿ ಎಂದು ನಾನು ಒಪ್ಪುತ್ತೇನೆ. ಒಂದೂ ಹೋಗದವರಿಗೆ, ಸೋಂಕಿನ ನಡುವೆಯೂ, ಎಚ್ಚರದ್ದೇ. 2021ರಲ್ಲಿ ಕೋವಿಡ್ ಬೆನ್ನಲ್ಲೇ ಬಂದ ಕಪ್ಪು ಶಿಲೀಂಧ್ರದಂಥ ಸೋಂಕಿನಲ್ಲಿ ಮೂಗೇ ಕೊಳೆತು, ಬಾಯೂ ತೆರೆಯದವರಿಗೆ ಇವೆರಡೂ ಒದಗವು. ಆಗ ಸ್ಥಳೀಯ ಅರಿವಳಿಕೆಯಲ್ಲಿ ಮೊದಲೇ ಕುತ್ತಿಗೆಯಲ್ಲಿ ದಾರಿ ಮಾಡುವುದನ್ನು ಶಸ್ತ್ರವೈದ್ಯರ ಜೊತೆ ಕೂತು ನಿರ್ಧರಿಸಬೇಕು.