ಅಜ್ಜಿಯ ಭಾವಚಿತ್ರ

ಶಿವಮೊಗ್ಗೆಯ ಸವಳಂಗ ರಸ್ತೆಯ ಬದಿಯ ಒಂದು ಮನೆ. ನಡುಮನೆಯ ಗೋಡೆಯ ಮೇಲೆ, ತೀರಿಕೊಂಡ ಯಜಮಾನರ ಚಿತ್ರಪಟ. ಅವರ ಗುರುತಿನ ಚೀಟಿಯಲ್ಲಿದ್ದ ಪುಟ್ಟ ಚಿತ್ರವನ್ನು ಹಿಗ್ಗಿಸಿ ಚೌಕಟ್ಟು ಹಾಕಿಸಿದುದು ಅದು. ಬದುಕಿದ್ದಷ್ಟು ದಿನವೂ ನಗುನಗುತ್ತಿದ್ದ ಮನುಷ್ಯರು ಅಲ್ಲಿ ಬೆಚ್ಚಿಬಿದ್ದವರಂತೆ ಕಣ್ಣುಬಿಟ್ಟಿದ್ದಾರೆ. ನಿತ್ಯವೂ ಹೂವಿಡುವ ಅವರ ಮಡದಿ ಆ ಪಟವನ್ನು ಕಂಡಾಗಲೆಲ್ಲ "ಇದು ಅವರಲ್ಲ" ಎನ್ನುತ್ತಾರೆ. ಆದರೆ ಬೇರೊಂದು ಚಿತ್ರವಿಲ್ಲ.

ಅಜ್ಜಿಯ ಪಾಲಿಗೂ ಇಂಥ ಪಟವೇ ಉಳಿಯಬಾರದೆಂದು ಕಾಲೇಜಿನಲ್ಲಿ ಓದುವ ಮೊಮ್ಮಗಳು ನಿಶ್ಚಯಿಸಿದಳು. ಒಂದು ಭಾನುವಾರ ಸಂಜೆ ಅಜ್ಜಿಗೆ ರೇಷ್ಮೆ ಸೀರೆ ಉಡಿಸಿ, ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, "ಸ್ವಲ್ಪ ನಗಜ್ಜಿ" ಎಂದು ಮೊಬೈಲಿನ ಫ್ಲ್ಯಾಶು ಮಿಂಚಿಸಿದಳು. ಚಿತ್ರವನ್ನು ನೋಡಿದ ಅಜ್ಜಿ, "ಇದು ನಾನೇನೇ? ಪೊಲೀಸರು ಹಿಡಿದು ಕೂರಿಸಿದ ಹಾಗಿದೆಯಲ್ಲೇ!" ಎಂದರು.

ಮಾತು ವಿನೋದದ್ದಾದರೂ ವಿಮರ್ಶೆ ಸರಿಯಾಗಿಯೇ ಇತ್ತು. ಮಸೂರದ ಪಕ್ಕದಿಂದಲೇ ಹೊರಟ ಬೆಳಕು ಮುಖಕ್ಕೆ ನೇರವಾಗಿ ಬಡಿದಾಗ ಕೆನ್ನೆಯ ಏರು, ಕಣ್ಣಿನ ಆಳ, ಮೂಗಿನ ನೀಳ ಎಲ್ಲವೂ ಒಂದೇ ಸಮನಾಗಿ ಬೆಳ್ಳಗಾಗುತ್ತವೆ. ಬೆನ್ನ ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳೊಂದು ಅಂಟಿಕೊಳ್ಳುತ್ತದೆ. ಇದು ಬೆಳಕಿನ ದೋಷ. ಎರಡು ಕೈಗಳನ್ನು ಮೊಣಕಾಲ ಮೇಲಿಟ್ಟು, ಹೆಗಲುಗಳನ್ನು ಸಮನಾಗಿ ಹಿಡಿದು ಸೆಟೆದು ಕುಳಿತದ್ದು ಭಂಗಿಯ ದೋಷ.

ಇವೆರಡಕ್ಕೂ ಪರಿಹಾರವನ್ನು ಅರಿತಿದ್ದವರ ಊರಿಗೆ ದಾರಿ ಅದೇ ರಸ್ತೆಯೇ ಆಗಿರುವುದು ಸ್ವಾರಸ್ಯದ ಸಂಗತಿ. ನವುಲೆಯನ್ನು ಹಾದು, ಸವಳಂಗವನ್ನು ದಾಟಿ ಶಿಕಾರಿಪುರವನ್ನು ಸೇರಿ ಇನ್ನೂ ಮುಂದೆ ನಡೆದರೆ ಬಳ್ಳಿಗಾವೆ ಸಿಗುತ್ತದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲವು ಮದನಿಕೆಯರನ್ನು ಕಡೆದವರು ಈ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ. ಅವರ ಹೆಸರುಗಳು ಶಿಲ್ಪಗಳಡಿಯಲ್ಲಿ ಇಂದಿಗೂ ಉಳಿದಿವೆ.

ಕ್ಯಾಮರಾ ಹಿಡಿದವರು ಆ ಶಿಲ್ಪಗಳಿಂದ ಕಲಿಯಬೇಕಾದುದು ಬಹಳವಿದೆ. ಬಳಪದ ಕಲ್ಲಿಗೆ ಮೈಬಣ್ಣವಿಲ್ಲ, ಕಣ್ಣಿನ ಹೊಳಪಿಲ್ಲ. ಅಲ್ಲಿ ಆಕಾರವನ್ನು ತೋರಿಸುವುದು ನೆರಳು ಬೆಳಕುಗಳ ಆಟ ಮಾತ್ರ. ಇನ್ನು ನಿಲುವು. ಭಾರವನ್ನು ಎರಡು ಕಾಲಿಗೂ ಸಮನಾಗಿ ಹಂಚಿ ನೆಟ್ಟಗೆ ನಿಲ್ಲುವುದನ್ನು ಶಿಲ್ಪಶಾಸ್ತ್ರವು ಸಮಭಂಗವೆನ್ನುತ್ತದೆ. ದೇವರ ವಿಗ್ರಹಕ್ಕೆ ಅದು ಗಾಂಭೀರ್ಯವನ್ನು ಕೊಟ್ಟೀತು. ಮನೆಯ ಮನುಷ್ಯರಿಗೆ ಕಾವಲುಗಾರರ ಕಳೆಯನ್ನು ಕೊಡುತ್ತದೆ. ಭಾರವು ಒಂದೇ ಕಾಲಿಗೆ ಬಂದು, ಸೊಂಟ, ಹೆಗಲು, ಕೊರಳು ಒಂದಕ್ಕೊಂದು ಎದುರಾಗಿ ಬಾಗಿದರೆ ತ್ರಿಭಂಗ. ಅದಕ್ಕಿಂತಲೂ ಮುಖ್ಯವಾದ ಸಂಗತಿ, ಮದನಿಕೆಯರಲ್ಲಿ ಸುಮ್ಮನೆ ನಿಂತವರು ವಿರಳ. ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಳಿಯೊಡನೆ ಮಾತಿಗಿಳಿದಿದ್ದಾಳೆ, ಮತ್ತೊಬ್ಬಳು ವಾದ್ಯ ನುಡಿಸುತ್ತಾಳೆ. ಕೈಗೆ ಕೆಲಸ ಸಿಕ್ಕಿತೆಂದರೆ ದೇಹವು ತಾನಾಗಿಯೇ ತನ್ನ ಭಂಗಿಯನ್ನು ಕಂಡುಕೊಳ್ಳುತ್ತದೆ.

ಇದನ್ನು ಕಣ್ಣಾರೆ ಕಾಣಲು ಬೇಲೂರಿಗೇ ಹೋಗಬೇಕಾಗಿಲ್ಲ. ಭದ್ರಾವತಿಯ ಹಳೆಯ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ. ಶಿವಮೊಗ್ಗೆಯಲ್ಲೇ ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯವಿದೆ. ಒಂದೇ ಶಿಲ್ಪವನ್ನು ಬೆಳಗಿನ ಓರೆ ಬಿಸಿಲಿನಲ್ಲೊಮ್ಮೆ, ನಡುಮಧ್ಯಾಹ್ನ ಮತ್ತೊಮ್ಮೆ ನೋಡಿದರೆ ಅದು ಬೇರೆಯೇ ಶಿಲ್ಪವೋ ಎಂಬ ಭ್ರಮೆಯುಂಟಾಗುತ್ತದೆ. ಕಲಿಯುವವರಿಗೆ ಕಲ್ಲು ಒಳ್ಳೆಯ ಗುರು, ಅದು ದಣಿಯುವುದಿಲ್ಲ, ನಾಚುವುದಿಲ್ಲ, "ಆಯಿತೇ?" ಎಂದು ಕೇಳುವುದಿಲ್ಲ.

ಮೊಮ್ಮಗಳು ಹಾಗೆಯೇ ಮಾಡಿದಳು. ಮುಂದಿನ ಭಾನುವಾರ ಬೆಳಗ್ಗೆ ಮೊದಲು ಮನೆಯ ದೀಪಗಳನ್ನೆಲ್ಲ ಆರಿಸಿದಳು; ವಿದ್ಯುತ್ತಿನ ಬೆಳಕೂ ಹಗಲಿನ ಬೆಳಕೂ ಬೆರೆತರೆ ಮುಖದ ಬಣ್ಣ ಕೆಡುತ್ತದೆ. ದೊಡ್ಡ ಕಿಟಕಿಯಿಂದ 3-4 ಅಡಿ ದೂರದಲ್ಲಿ, ಹಿಂದಿನ ಗೋಡೆಯಿಂದಲೂ ಅಷ್ಟೇ ಈಚೆಗೆ, ಕುರ್ಚಿಯನ್ನು ಓರೆಯಾಗಿ ಹಾಕಿದಳು. ಬಿಸಿಲು ನೇರವಾಗಿ ನುಗ್ಗುತ್ತಿದ್ದುದರಿಂದ ಕಿಟಕಿಗೆ ತೆಳುವಾದ ಬಿಳಿ ಬಟ್ಟೆಯನ್ನು ಇಳಿಬಿಟ್ಟಳು. ಬೆಳಕಿನ ಮೂಲವು ಕುಳಿತವರಿಗೆ ಎಷ್ಟು ಅಗಲವಾಗಿ ಕಾಣುವುದೋ ನೆರಳಿನ ಅಂಚು ಅಷ್ಟು ಮೃದುವಾಗುವುದು. ಮುಖದ ಕತ್ತಲ ಬದಿಗೆ ಇನ್ನೊಂದು ಕುರ್ಚಿಯ ಬೆನ್ನಿಗೆ ಬಿಳಿಯ ಪಂಚೆಯನ್ನು ಹೊದಿಸಿದಳು. ಅದು ಬೆಳಕನ್ನು ಹಿಂದಿರುಗಿಸಿ ನೆರಳನ್ನು ತಿಳಿಯಾಗಿಸಿತು.

ಕಿಟಕಿಯ ಬೆಳಕು ಮುಖಕ್ಕೆ ಸುಮಾರು 45 ಡಿಗ್ರಿಯ ಓರೆಯಲ್ಲಿ, ತುಸು ಮೇಲಿನಿಂದ ಬಂದರೆ ನೆರಳಿನ ಕೆನ್ನೆಯ ಮೇಲೆ ಬೆಳಕಿನದೊಂದು ಪುಟ್ಟ ತ್ರಿಕೋನ ಮೂಡುವುದುಂಟು. 17ನೆಯ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಹೆಸರಿನಿಂದ ಛಾಯಾಗ್ರಾಹಕರು ಅದನ್ನು ಕರೆಯುತ್ತಾರೆ. ಬೆಳಕು ತೀರ ಪಕ್ಕಕ್ಕೆ ಸರಿದರೆ ಸುಕ್ಕುಗಳು ಉಳುಮೆಯ ಸಾಲುಗಳಾಗುತ್ತವೆ. ಮುಖವನ್ನು ಕಿಟಕಿಯ ಕಡೆ ಕೊಂಚ ಹೊರಳಿಸಿದರೆ ಮೆತ್ತಗಾಗುತ್ತವೆ. ಪೂರ್ತಿ ಅಳಿಸುವ ಅಗತ್ಯವಿಲ್ಲ. ಆ ಸುಕ್ಕುಗಳೂ ಅಜ್ಜಿಯ ಸಂಪಾದನೆಯೇ. ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸಿದಾಗ ಗಲ್ಲವನ್ನು ಸ್ವಲ್ಪ ತಗ್ಗಿಸಿದರೆ ಸಾಕಾಯಿತು. ಕ್ಯಾಮರಾ ತೀರ ಹತ್ತಿರ ಬಂದರೆ ಮೂಗು ದಪ್ಪವಾಗಿ ಕಾಣುವುದರಿಂದ 6 ಅಡಿ ಹಿಂದೆ ಸರಿದು, ಅಜ್ಜಿಯ ಕಣ್ಣಿನ ಎತ್ತರಕ್ಕೇ ತಾನೂ ಕುಳಿತು, ಹತ್ತಿರದ ಕಣ್ಣಿಗೆ ಫೋಕಸ್ ಹಿಡಿದಳು.

ಈ ಸಾರಿ ಉಡುಪಿನ ಆಯ್ಕೆ ಅಜ್ಜಿಯದೇ: ನಿತ್ಯದ ಹತ್ತಿಯ ಸೀರೆ. "ನಗು" ಎಂಬ ಅಪ್ಪಣೆಯಿರಲಿಲ್ಲ. ತೊಡೆಯ ಮೇಲೆ ಮಲ್ಲಿಗೆ ಮೊಗ್ಗಿನ ಬುಟ್ಟಿ, ಕೈಯಲ್ಲಿ ಬಾಳೆಯ ನಾರು. ಬೆರಳುಗಳು ತಮ್ಮ ಕೆಲಸಕ್ಕೆ ತೊಡಗಿದೊಡನೆ ಹೆಗಲು ಸಡಿಲವಾಯಿತು, ಕೊರಳು ಸಹಜವಾಗಿ ಬಾಗಿತು. ಹುಡುಗಿ ಮಾತಾಡಿಸುತ್ತಾ ಕಾದಳು. ಯಜಮಾನರ ಹಳೆಯ ತಮಾಷೆಯೊಂದು ಮಾತಿನ ನಡುವೆ ನುಸುಳಿ, ಅಜ್ಜಿ ಅರೆಕ್ಷಣ ತಲೆಯೆತ್ತಿದಾಗ ಚಿತ್ರ ತೆಗೆದಳು.

ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು. "ಹೌದು, ಇದು ನಾನೇ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ಅವರದೂ ಹೀಗೊಂದು ತೆಗೆದಿಟ್ಟುಕೊಳ್ಳಬಹುದಿತ್ತು" ಎಂದರು. ಹುಡುಗಿ ಏನೂ ಹೇಳಲಾರದೆ ನಿಂತಳು. ಚೌಕಟ್ಟು ಹಾಕಿಸುವ ಮಾತು ಬಂದಾಗ ಅಜ್ಜಿಯೇ ನಕ್ಕು ನುಡಿದರು: "ಹಾಕಿಸು. ಆದರೆ ಮೇಜಿನ ಮೇಲೆ ಇಡು ಕಣೇ. ಗೋಡೆಗೆ ಈಗಲೇ ಅವಸರವಿಲ್ಲ."