ಮಸ್‌ಅಲ ಕೇಳಿದರೆ ಸಾಲದು, ಡಾಕ್ಟರರನ್ನೂ ಕೇಳಿ

ಮೂತ್ರ ತೊಟ್ಟಿಕ್ಕುತ್ತದೆ, ವುಳೂ ನಿಲ್ಲುವುದಿಲ್ಲ, ನಮಾಝ್ ಹೇಗೆ ಮಾಡುವುದು ಎಂದು ಉಸ್ತಾದರ ಹತ್ತಿರ ಮೆಲ್ಲಗೆ ಕೇಳುವ ಹಿರಿಯರು ನಮ್ಮ ಜಮಾಅತ್‌ಗಳಲ್ಲಿ ಕಡಿಮೆಯಿಲ್ಲ. ಅದಕ್ಕೆ ದೀನಿನಲ್ಲಿ ಉತ್ತರ ಇದೆ. ಶಾಫಿ ಮದ್ಹಬ್ ಪ್ರಕಾರ ಶುಚಿ ಮಾಡಿ, ಬಟ್ಟೆ ಕಟ್ಟಿ, ವಕ್ತ್ ಆದ ಮೇಲೆ ಪ್ರತಿ ಫರ್ಳ್ ನಮಾಝಿಗೂ ಬೇರೆ ವುಳೂ ಮಾಡಬೇಕು. ಆದರೆ "ಕಾಕಾ, ಡಾಕ್ಟರಿಗೆ ತೋರಿಸಿದಿರಾ?" ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ. ಇಲ್ಲದಿದ್ದರೆ ಕರಿಜೀರಿಗೆ, ಜೇನು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಷಾಯದ ಹೆಸರು ಹೊರಗೆ ಬರುತ್ತದೆ.

ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ದೊಡ್ಡದಾಗುವುದು ಸಾಮಾನ್ಯ. ಅದೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಶುರುವಿನಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಇರಬಹುದು. ಯಾವುದು ಏನೆಂದು ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುವುದು.

ಈ ಕ್ಯಾನ್ಸರನ್ನು ತಡೆಯುವ ಒಂದೇ ಒಂದು ಆಹಾರ ಇದೆಯೆಂದು ಇದುವರೆಗೆ ಸಾಬೀತಾಗಿಲ್ಲ. ಟೊಮೆಟೊ ಒಳ್ಳೆಯದೇ, ಆದರೆ ಅದು ಮದ್ದಲ್ಲ. ಗುಳಿಗೆಗಳ ಕಥೆ ಇನ್ನೂ ಕಷ್ಟ. ಅಮೆರಿಕದಲ್ಲಿ 2001ರಲ್ಲಿ ಶುರುವಾದ 'ಸೆಲೆಕ್ಟ್' ಎಂಬ ಅಧ್ಯಯನದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರು ಸೇರಿದ್ದರು. ವಿಟಮಿನ್ ಇ, ಸೆಲೆನಿಯಂ ಗುಳಿಗೆ ಈ ಕ್ಯಾನ್ಸರ್ ತಡೆಯುತ್ತದೆಯೇ ಎಂದು ನೋಡುವುದು ಉದ್ದೇಶ. ಪ್ರಯೋಜನ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ನೋಡಿದರೆ, ವಿಟಮಿನ್ ಇ ಮಾತ್ರ ತಿಂದವರಲ್ಲಿ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು! ಗಲ್ಫಿನಿಂದ ಮಕ್ಕಳು ತರುವ ವಿಟಮಿನ್ ಡಬ್ಬಿಗಳನ್ನು ಕೇಳದೆ ನುಂಗುವವರು ಇದನ್ನು ನೆನಪಿಡಬೇಕು.

ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ. ಬೊಜ್ಜು ಇರುವವರಲ್ಲಿ ಈ ಕ್ಯಾನ್ಸರ್ ಜೋರಾಗಿ ಹರಡುವ ಅಪಾಯ ಜಾಸ್ತಿ. ಹೊಟ್ಟೆಯಲ್ಲಿ ಮೂರನೇ ಒಂದು ಪಾಲು ಮಾತ್ರ ಅನ್ನಕ್ಕೆ ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಮದುವೆ ಮನೆಯ ನೈಚೋರು, ಬಿರಿಯಾನಿ ಎದುರು ಬಂದಾಗ ದೊಡ್ಡವರೇ ಆ ಪಾಠ ಮರೆಯುತ್ತೇವೆ. ಬೂತಾಯಿ, ಬಂಗುಡೆ, ತರಕಾರಿ, ಬೇಳೆ ನಮಗೆ ಹೊಸತಲ್ಲ. ಅದನ್ನು ಹೆಚ್ಚು ಮಾಡಿ, ಕರಿದದ್ದು ಮತ್ತು ಮಾಂಸ ಕಡಿಮೆ ಮಾಡಿ, ಸುಬ್‌ಹಿ ನಂತರ ಸ್ವಲ್ಪ ನಡೆದರೆ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಒಳ್ಳೆಯದು.

ಐವತ್ತು ದಾಟಿದವರು ಪಿಎಸ್‌ಎ ರಕ್ತಪರೀಕ್ಷೆ ಬೇಕೇ ಎಂದು ಡಾಕ್ಟರರಲ್ಲಿ ಕೇಳಿ. ಉಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಇದ್ದರೆ ಇನ್ನೂ ಮೊದಲೇ ಕೇಳಿ. ಮೂತ್ರದಲ್ಲಿ ರಕ್ತ ಕಂಡರಂತೂ ಒಂದು ದಿನವೂ ಕಾಯಬೇಡಿ. ಚಿಕಿತ್ಸೆ ಪಡೆಯುವುದು ತವಕ್ಕುಲಿಗೆ ವಿರುದ್ಧವಲ್ಲ, ಸುನ್ನತ್. ಕರಿಜೀರಿಗೆಯ ಬರಕತ್ ಹೇಳುವ ಖತೀಬರು ಇದನ್ನೂ ಜುಮಾ ದಿನ ಎರಡು ಮಾತಲ್ಲಿ ಹೇಳಿದರೆ, ನಾಚಿಕೆಯಿಂದ ಸುಮ್ಮನಿರುವ ಎಷ್ಟೋ ಉಪ್ಪಂದಿರು ಸಮಯಕ್ಕೆ ಆಸ್ಪತ್ರೆಗೆ ಹೋದಾರು.