ಪಾಚಿಯ ಎಣ್ಣೆ: ತೋಟದಲ್ಲೋ, ಪೇಟೆಯ ಚರಂಡಿಯಲ್ಲೋ?

ಸಂಘದ ಕಚೇರಿಗೆ ಬರುವ ಸದಸ್ಯ ಬಂಧುಗಳು ಅಡಿಕೆ ಧಾರಣೆ ವಿಚಾರಿಸಿಕೊಂಡು ಹೋಗುವುದು ವಾಡಿಕೆ. ಇತ್ತೀಚೆಗೆ ಹಲವರು ಇನ್ನೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ಪಾಚಿಯಿಂದ ಡೀಸೆಲ್ ತೆಗೆಯುತ್ತಾರಂತೆ, ನಾವೂ ಅರ್ಧ ಎಕರೆ ಹೊಂಡ ತೆಗೆಸಬಹುದೇ, ಅದಕ್ಕೆ ಸಂಘದಿಂದ ಸಾಲ ದೊರೆಯುವುದೇ ಎಂದು. ಈ ಪ್ರಶ್ನೆ ತಾನಾಗಿ ಹುಟ್ಟಿದ್ದಲ್ಲ. ಒಂದು ಕಂಪನಿಯ ಪ್ರತಿನಿಧಿಗಳು ಊರೂರು ತಿರುಗಿ ಕರಪತ್ರ ಹಂಚಿದ್ದಾರೆ. ಹೊಂಡಕ್ಕೆ ಹಾಸುವ ಶೀಟು, ನೀರು ಕಲಕುವ ಯಂತ್ರ, ಬೀಜದ ಪಾಚಿ ಎಲ್ಲವನ್ನೂ ಅವರಿಂದಲೇ ಕೊಳ್ಳಬೇಕು. ಬೆಳೆದದ್ದನ್ನು ಅವರೇ ಕೊಳ್ಳುತ್ತಾರೆ. ಎಕರೆಗೆ ವರ್ಷಕ್ಕೆ 50,000 ಲೀಟರ್ ಎಣ್ಣೆ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದಾರೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಬಂದೇ ಬರುವುದರಿಂದ, ಅದಕ್ಕೆ ಮೊದಲು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುವುದು ಒಳ್ಳೆಯದೆಂದು ತೋರಿತು.

ಮೊದಲಿಗೆ ಒಂದು ಮಾತು. ಪಾಚಿಯಲ್ಲಿ ಎಣ್ಣೆ ಇದೆ ಎಂಬುದು ಸುಳ್ಳಲ್ಲ. ಮಳೆಗಾಲದಲ್ಲಿ ಅಂಗಳದಲ್ಲಿ ಕಾಲು ಜಾರಿಸುವ ಹಾವಸೆ, ಕೆರೆಯ ನೀರನ್ನು ಹಸಿರು ಮಾಡುವ ಕಣ್ಣಿಗೆ ಕಾಣದ ಜೀವಕಣ, ಎಲ್ಲವೂ ಈ ದೊಡ್ಡ ಕುಟುಂಬಕ್ಕೆ ಸೇರಿದವು. ಇವುಗಳಿಗೆ ಬೇರು, ಕಾಂಡ, ಮರ ಎಂಬ ಸಂಸಾರವಿಲ್ಲ. ಬಿಸಿಲಿನಿಂದ ಪಡೆದ ಶಕ್ತಿಯನ್ನೆಲ್ಲ ಬೆಳೆಯುವುದಕ್ಕೇ ಹಾಕುತ್ತವೆ. ಕೆಲವು ಜಾತಿಗಳು ದಿನಕ್ಕೊಮ್ಮೆ ಎರಡರಷ್ಟಾಗುತ್ತವೆ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಇದು ಮಾಯೆಯಂತೆ ಕಂಡರೆ ಆಶ್ಚರ್ಯವಿಲ್ಲ.

ಕರಪತ್ರದ ಅಂಕಿಗೂ ಒಂದು ಮೂಲವಿದೆ. ನ್ಯೂಜಿಲೆಂಡಿನ ವಿಜ್ಞಾನಿ ಯೂಸುಫ್ ಚಿಸ್ತಿ ಎಂಬವರು 2007ರಲ್ಲಿ ಬರೆದ ಲೇಖನದಲ್ಲಿ, ತೂಕದ ನೂರಕ್ಕೆ 70 ಭಾಗ ಎಣ್ಣೆಯಿರುವ ಪಾಚಿಯಾದರೆ ಹೆಕ್ಟೇರಿಗೆ 1,36,900 ಲೀಟರ್ ಎಂದು ಲೆಕ್ಕ ಹಾಕಿದ್ದರು. ಅದೇ ಪಟ್ಟಿಯಲ್ಲಿ ತಾಳೆಗೆ 5,950 ಲೀಟರ್, ತೆಂಗಿಗೆ 2,689 ಲೀಟರ್ ಎಂದಿತ್ತು. ಮೊದಲಿನ ಅಂಕಿಯನ್ನು ಎಕರೆಗೆ ತಿರುಗಿಸಿದರೆ ಕರಪತ್ರದ 50,000 ಲೀಟರ್ ಹತ್ತಿರ ಬರುತ್ತದೆ. ಆದರೆ ಅದು ಮುಚ್ಚಿದ ಗಾಜಿನ ಕೊಳವೆಯಲ್ಲಿ ಬೆಳೆಸುವ ಪಾಚಿಗೆ, ಎಣ್ಣೆಯ ಅಂಶ ಇಷ್ಟೆಂದು ಹಿಡಿದು ಕಟ್ಟಿದ ಲೆಕ್ಕ. ಬಯಲಿನ ಹೊಂಡದಲ್ಲಿ ಬೆಳೆದು ತೂಗಿ ನೋಡಿದ ಫಸಲಲ್ಲ.

ತೂಗಿ ನೋಡಿದವರು ಅಮೆರಿಕದವರು. 1973ರ ತೈಲ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ ಆ ಸರ್ಕಾರ 1978ರಿಂದ 1996ರವರೆಗೆ, ಸುಮಾರು ಎರಡೂವರೆ ಕೋಟಿ ಡಾಲರ್ ಖರ್ಚು ಮಾಡಿ, ಮೂರು ಸಾವಿರಕ್ಕೂ ಮಿಕ್ಕಿ ಪಾಚಿ ತಳಿಗಳನ್ನು ಸಂಗ್ರಹಿಸಿತು. ನ್ಯೂ ಮೆಕ್ಸಿಕೋದಲ್ಲಿ ಸಾವಿರ ಚದರ ಮೀಟರಿನ ಹೊಂಡಗಳನ್ನೇ ಕಟ್ಟಿತು. ಒಳ್ಳೆಯ ದಿನ ಚದರ ಮೀಟರಿಗೆ 50 ಗ್ರಾಂ ಒಣ ಪಾಚಿ ಬಂದದ್ದೂ ಉಂಟು. ಆದರೆ ರಾತ್ರಿಯ ಚಳಿ ಮತ್ತಿತರ ಕಾರಣದಿಂದ ಸರಾಸರಿ ನಿಂತದ್ದು 10 ಗ್ರಾಂ ಆಸುಪಾಸಿನಲ್ಲಿ. ಆಗಿನ ಪೆಟ್ರೋಲಿಯಂ ಬೆಲೆಗೆ ಇದು ಗಿಟ್ಟುವುದಿಲ್ಲವೆಂದು ಯೋಜನೆ ಮುಚ್ಚಿದರು. 2009ರಲ್ಲಿ ಎಕ್ಸಾನ್ ಮೊಬಿಲ್ ಕಂಪನಿ 60 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಸಾರಿ ಈ ಕ್ಷೇತ್ರಕ್ಕೆ ಇಳಿಯಿತು. 2023ರ ಹೊತ್ತಿಗೆ ಅದೂ ಹೊರಬಂತು. ಎಣ್ಣೆಯ ವ್ಯಾಪಾರವನ್ನೇ ಕಸುಬಾಗಿ ಮಾಡಿಕೊಂಡವರು ಬಿಟ್ಟುಹೋದದ್ದನ್ನು ತೀರ್ಥಹಳ್ಳಿ, ಹೊಸನಗರದ ಎರಡೆಕರೆ ಹಿಡುವಳಿದಾರನಿಂದ ಮಾಡಿಸಹೊರಟರೆ ನಾಲ್ಕು ಪ್ರಶ್ನೆ ಕೇಳುವ ಹಕ್ಕು ನಮಗೂ ಇದೆ.

ಆ 10 ಗ್ರಾಮಿನ ಲೆಕ್ಕವನ್ನೇ ನಮ್ಮ ಎಕರೆಗೆ ಹಿಡಿಯೋಣ. ವರ್ಷವಿಡೀ ಒಂದು ದಿನವೂ ತಪ್ಪದೆ ಬೆಳೆದರೆ ಸುಮಾರು 15 ಟನ್ ಒಣ ಪಾಚಿ. ಅದರಲ್ಲಿ ಕಾಲು ಭಾಗ ಎಣ್ಣೆ ಎಂದು ಉದಾರವಾಗಿ ಹಿಡಿದರೆ ನಾಲ್ಕು ಸಾವಿರ ಲೀಟರಿನಷ್ಟು. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದುಕೊಂಡರೆ ಮೂರೂವರೆ ಲಕ್ಷ ರೂಪಾಯಿ. ಕೇಳಲು ಇಂಪಾಗಿದೆ. ಆದರೆ ಇದು ಒಂದು ಪೈಸೆಯೂ ಖರ್ಚಾಗದಿದ್ದರೆ ಬರುವ ಹುಟ್ಟುವಳಿ. ಖರ್ಚಿನ ಬಾಬ್ತು ನೋಡಿ.

ಮೊದಲು ಗೊಬ್ಬರ. ಒಣ ಪಾಚಿಯ ತೂಕದಲ್ಲಿ ನೂರಕ್ಕೆ ಸುಮಾರು ಏಳು ಭಾಗ ಸಾರಜನಕ. 15 ಟನ್ನಿಗೆ ಒಂದು ಟನ್ನಿಗಿಂತ ಹೆಚ್ಚು ಸಾರಜನಕ ಬೇಕು. ಎಂದರೆ 45 ಕಿಲೋದ ಯೂರಿಯಾ ಚೀಲ ಸುಮಾರು 50. ಅಡಿಕೆಗೆ ಶಿಫಾರಸು ಮಾಡಿದ್ದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ. ಎಕರೆಯ 550 ಮರಕ್ಕೆ ಮೂರು ಚೀಲ ಸಾಕು. ಮೂರು ಚೀಲ ಯೂರಿಯಾಕ್ಕೇ ಜುಲೈ ತಿಂಗಳಲ್ಲಿ ಸಾಲು ನಿಲ್ಲುವ ನಾವು ಐವತ್ತು ಚೀಲವನ್ನು ಎಲ್ಲಿಂದ ತರುವುದು? ಅದೂ ಅಲ್ಲದೆ ಯೂರಿಯಾ ತಯಾರಾಗುವುದೇ ನೈಸರ್ಗಿಕ ಅನಿಲದಿಂದ. ಒಂದು ಇಂಧನವನ್ನು ಸುಟ್ಟು ಇನ್ನೊಂದನ್ನು ಹಿಂಡುವ ವ್ಯವಹಾರ ಇದು.

ಇಲ್ಲಿ ಪಾಚಿಯ ಒಂದು ಸ್ವಭಾವವನ್ನೂ ತಿಳಿಯಬೇಕು. ಗೊಬ್ಬರ ಹೊಟ್ಟೆ ತುಂಬ ಕೊಟ್ಟರೆ ಅದು ಸೊಂಪಾಗಿ ಬೆಳೆಯುತ್ತದೆ, ಎಣ್ಣೆ ಕಟ್ಟುವುದಿಲ್ಲ. ಸಾರಜನಕ ಕಡಿಮೆ ಮಾಡಿ ಉಪವಾಸ ಕೆಡವಿದರೆ ಎಣ್ಣೆ ಕಟ್ಟುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹೆಚ್ಚು ಇಳುವರಿಯ ಅಂಕಿಯನ್ನೂ ಹೆಚ್ಚು ಎಣ್ಣೆಯ ಅಂಕಿಯನ್ನೂ ಗುಣಿಸಿ ಕರಪತ್ರ ಅಚ್ಚು ಹಾಕಿಸುವುದು ಸುಲಭ. ಒಂದೇ ಹೊಂಡದಲ್ಲಿ ಅವೆರಡೂ ಒಟ್ಟಿಗೆ ಬರುವುದಿಲ್ಲ.

ಎರಡನೆಯದು ನೀರು, ಅದಕ್ಕಿಂತ ಮುಖ್ಯವಾಗಿ ನೀರಿನಿಂದ ಪಾಚಿಯನ್ನು ಬೇರ್ಪಡಿಸುವ ಕೆಲಸ. ಹೊಂಡದ ನೀರು ಹಚ್ಚ ಹಸಿರಾಗಿ ಕಂಡರೂ ಲೀಟರಿಗೆ ಅರ್ಧ ಗ್ರಾಂ ಪಾಚಿ ಇದ್ದರೆ ಹೆಚ್ಚು. ಒಂದು ಕಿಲೋ ಒಣ ಪಾಚಿಗೆ 2,000 ಲೀಟರ್, ಒಂದು ಕಿಲೋ ಎಣ್ಣೆಗೆ 8,000 ಲೀಟರ್ ನೀರನ್ನು ಸೋಸಬೇಕು. ಬಟ್ಟೆಯಲ್ಲಿ ಸೋಸಿದರೆ ನಿಲ್ಲದಷ್ಟು ಸಣ್ಣ ಕಣ. ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಬೇಕು, ಒಣಗಿಸಬೇಕು, ಆಮೇಲೆ ಎಣ್ಣೆ ತೆಗೆಯಬೇಕು. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟಿಗೆ ಕಾಯುವವರ ಮನೆಯಲ್ಲಿ ನಡೆಯುವ ಕೆಲಸವಲ್ಲ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾದರೂ ಎಕರೆ ಹೊಂಡದಿಂದ 20,000 ಲೀಟರ್ ಆಕಾಶಕ್ಕೆ ಹೋಗುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ 20 ಲೀಟರಿನಂತೆ ಕೊಟ್ಟರೂ ಎಕರೆ ಅಡಿಕೆ ತೋಟಕ್ಕೆ ಸಾಲುವುದು 11,000 ಲೀಟರ್. ಇನ್ನು ಜೂನ್ ಬಂತೆಂದರೆ ಎರಡು ಮೂರು ತಿಂಗಳು ಬಿಸಿಲಿನ ಮುಖವಿಲ್ಲ. ಹೊಂಡ ತುಂಬಿ ಹರಿದು ಬೀಜದ ಪಾಚಿಯೆಲ್ಲ ಹಳ್ಳದ ಪಾಲು.

ಪಾಚಿ ಬೆಳೆಸಿ ಲಾಭ ಮಾಡಿದವರೇ ಇಲ್ಲವೇ ಎಂದರೆ, ಇದ್ದಾರೆ. ಮೈಸೂರಿನ ಸಿ.ಎಫ್.ಟಿ.ಆರ್.ಐ.ಯಲ್ಲಿ 1970ರ ದಶಕದಲ್ಲಿಯೇ ಜರ್ಮನಿಯ ಸಹಕಾರದಿಂದ ಪಾಚಿ ಬೆಳೆಸುವ ಸಂಶೋಧನೆ ನಡೆದಿತ್ತು. ಸ್ಪಿರುಲಿನಾ ಇಂದು ಪೌಷ್ಟಿಕ ಆಹಾರವಾಗಿ, ಪುಡಿ ಕಿಲೋಗೆ ನೂರಾರು ರೂಪಾಯಿಗೆ ಮಾರಾಟವಾಗುತ್ತದೆ. ಅದು ಆಹಾರದ ಬೆಲೆ. ಕಿಲೋ ಒಣ ಪಾಚಿಯಿಂದ ದೊರೆಯುವ ಎಣ್ಣೆಗೆ ಡೀಸೆಲ್ ಬೆಲೆಯಲ್ಲಿ 25 ರೂಪಾಯಿ ಸಿಕ್ಕರೆ ಪುಣ್ಯ. ನೂರಾರು ರೂಪಾಯಿ ಬೆಲೆಗೆ ಹೊಂದುವಂತೆ ಬೆಳೆಸುವ ಪದ್ಧತಿಯನ್ನು 25 ರೂಪಾಯಿಯ ಮಾಲಿಗೆ ಹಚ್ಚಿದರೆ ಏನಾಗುವುದೆಂದು ಜಮಾ ಖರ್ಚು ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಯದಿಂದ ಇಂಧನ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು ಕಲ್ಲಿದ್ದಲಿನಿಂದಲ್ಲ, ಇದೇ ಮಲೆನಾಡಿನ ಕಾಡಿನ ಮರದಿಂದ ಸುಟ್ಟ ಇದ್ದಿಲಿನಿಂದ. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಡಾಂಬರು ಮುಂತಾದವನ್ನು ತೆಗೆಯುವ ದೊಡ್ಡ ಸ್ಥಾವರವೂ ಅಲ್ಲಿತ್ತು. ಅದೇ 1923ರಲ್ಲಿ ಜರ್ಮನಿಯವರು ಅದೇ ಮದ್ಯಸಾರವನ್ನು ಮರವಿಲ್ಲದೆ, ಅನಿಲಗಳಿಂದ ಅಗ್ಗವಾಗಿ ತಯಾರಿಸಲು ಕಲಿತರು. ವಿಶ್ವೇಶ್ವರಯ್ಯನವರಂಥವರು ಅಧ್ಯಕ್ಷರಾಗಿ ನಿಂತು ನಡೆಸಿದ ಕಾರ್ಖಾನೆಯೂ ಕೊನೆಗೆ ಜೋಗದ ವಿದ್ಯುತ್ತಿನ ಕುಲುಮೆಗಳ ಕಡೆಗೆ ತಿರುಗಬೇಕಾಯಿತು. ಆದರೆ ಅಲ್ಲಿ ನಷ್ಟವನ್ನು ಹೊತ್ತದ್ದು ಸಂಸ್ಥಾನದ ಬೊಕ್ಕಸ. ಈಗಿನ ಕರಪತ್ರದ ಯೋಜನೆಯಲ್ಲಿ ನಷ್ಟ ಹೊರುವವನು ಪಹಣಿ ಅಡವಿಟ್ಟ ಸದಸ್ಯ. ವೆನಿಲಾ ಹಸಿ ಕೋಡು 2003ರ ಸುಮಾರಿಗೆ ಕಿಲೋಗೆ ಮೂರು ಸಾವಿರ ದಾಟಿ, ಎರಡು ಮೂರು ವರ್ಷದಲ್ಲಿ ಕೇಳುವವರಿಲ್ಲದಂತೆ ಆದದ್ದು ನಮ್ಮವರಿಗೆ ಮರೆತಿರಲಾರದು. ಆಗ ಬಳ್ಳಿ ಮಾರಿದವರು ಹಣ ಮಾಡಿದರು, ಕೋಡು ಬೆಳೆದವರಲ್ಲಿ ತಡವಾಗಿ ನೆಟ್ಟವರು ಕೈ ಸುಟ್ಟುಕೊಂಡರು. ಇಲ್ಲಿ ಬೀಜದ ಪಾಚಿ ಮತ್ತು ಶೀಟು ಮಾರುವವರದೇ ಮೊದಲ ಲಾಭ ಎಂಬುದು ನನ್ನ ಸಂಶಯ.

ಹಾಗಾದರೆ ಪಾಚಿಯ ಮಾತು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು, ನಮ್ಮ ಶರಾವತಿ ಕಣಿವೆಯ ಪರಿಸರವನ್ನೂ ಅಧ್ಯಯನ ಮಾಡಿದವರು, ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. 2009ರಲ್ಲಿ ಅವರು ಕೆನಡಾದ ರಿಚರ್ಡ್ ಗಾರ್ಡನ್ ಅವರ ಜೊತೆ ಬರೆದ ಲೇಖನದ ಕಲ್ಪನೆ ಬಹಳ ಸೊಗಸಾದದ್ದು. ಡಯಾಟಮ್ ಎಂಬ ಪಾಚಿಯನ್ನು ಕೊಂದು ಎಣ್ಣೆ ಹಿಂಡುವ ಬದಲು, ಹಸುವಿನಿಂದ ಹಾಲು ಕರೆಯುವಂತೆ, ಬದುಕಿರುವಾಗಲೇ ಎಣ್ಣೆ ಕರೆಯಲು ಸಾಧ್ಯವೇ ಎಂಬುದು. ಅದು ಇನ್ನೂ ಪ್ರಯೋಗಶಾಲೆಯ ಮಾತು. ನಮಗೆ ಹೆಚ್ಚು ಹತ್ತಿರವಾದದ್ದು ಅವರ ಇನ್ನೊಂದು ಕೆಲಸ. ಕೊಳಚೆ ನೀರು ತುಂಬಿದ ಬೆಂಗಳೂರಿನ ಕೆರೆಗಳಲ್ಲಿ ತಾನಾಗಿ ಬೆಳೆಯುವ ಪಾಚಿ ನೀರಿನ ಸಾರಜನಕ, ರಂಜಕಗಳನ್ನು ಹೀರಿ ನೀರನ್ನು ಎಷ್ಟು ಶುದ್ಧ ಮಾಡುತ್ತದೆ, ಆ ಪಾಚಿಯಲ್ಲಿ ಎಣ್ಣೆ ಎಷ್ಟಿದೆ ಎಂಬುದನ್ನು ಅವರ ತಂಡ ಅಳೆದು ನೋಡಿದೆ.

ನನ್ನ ಅಭಿಪ್ರಾಯದಲ್ಲಿ ಪಾಚಿಯ ಜಾಗ ಅದು. ತೋಟದಲ್ಲಿ ಐವತ್ತು ಚೀಲ ಯೂರಿಯಾ ಕೇಳುವ ಬೆಳೆಗೆ ಪೇಟೆಯ ಚರಂಡಿಯಲ್ಲಿ ಗೊಬ್ಬರ ಪುಕ್ಕಟೆ ಹರಿಯುತ್ತಿದೆ. 2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿ ಮೂರು ಲಕ್ಷ ಇಪ್ಪತ್ತು ಸಾವಿರ, ಭದ್ರಾವತಿಯಲ್ಲಿ ಒಂದೂವರೆ ಲಕ್ಷ ಜನ. ತಲೆಗೆ ವರ್ಷಕ್ಕೆ ಮೂರು ಕಿಲೋ ಸಾರಜನಕ ಎಂದರೂ ಸುಮಾರು 1,400 ಟನ್ ಆಯಿತು. ಅದರಲ್ಲಿ ಕಾಲಂಶ ದಕ್ಕಿದರೂ ನೂರಾರು ಎಕರೆ ಹೊಂಡಕ್ಕೆ ಸಾಕು. ಇಂಥ ಹೊಂಡದಲ್ಲಿ ಪಾಚಿ ಬಿಡುವ ಆಮ್ಲಜನಕವನ್ನು ಉಂಡು ಬ್ಯಾಕ್ಟೀರಿಯಾಗಳು ಕೊಳಚೆಯನ್ನು ಕರಗಿಸುತ್ತವೆ. ಗಾಳಿ ಊದುವ ಯಂತ್ರದ ಕರೆಂಟ್ ಉಳಿಯುತ್ತದೆ. ಕೊಳಚೆಯ ಪಾಚಿಯಲ್ಲಿ ಎಣ್ಣೆ ಹೆಚ್ಚಿರದಿದ್ದರೆ ಇಡಿಯಾಗಿ ಗೋಬರ್ ಗ್ಯಾಸ್ ಮಾದರಿಯ ತೊಟ್ಟಿಗೆ ಹಾಕಿ ಅನಿಲ ತೆಗೆಯಬಹುದು. ಒಣಗಿಸುವ, ಹಿಂಡುವ ರಗಳೆಯೇ ಇಲ್ಲ. ಇದರಿಂದ ಲಾಭ ಬರದಿದ್ದರೂ ನೀರು ಶುದ್ಧವಾಗುವುದು ಖಾತ್ರಿ. ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಸೇರುವ ಹೊತ್ತಿಗೆ ಎರಡೂ ಪೇಟೆಗಳ ಕೊಳೆಯನ್ನು ಹೊತ್ತಿರುತ್ತವೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆಯವರು ಕೇಳಿದ್ದೂ ಈ ನದಿಯ ಶುದ್ಧಿಯನ್ನೇ. ಒಂದು ಎಚ್ಚರಿಕೆ ಮಾತ್ರ: ಕಾರ್ಖಾನೆಗಳಿರುವ ಊರಿನ ಕೊಳಚೆಯಲ್ಲಿ ಭಾರ ಲೋಹಗಳಿರಬಹುದಾದ್ದರಿಂದ, ಪರೀಕ್ಷೆಯಾಗದೆ ಆ ಬಗ್ಗಡವನ್ನು ತೋಟಕ್ಕೆ ತರಬಾರದು.

ಇದು ನಗರಪಾಲಿಕೆ, ನಗರಸಭೆಗಳ ಕೆಲಸ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ತಜ್ಞರು ಸಲಹೆ ಕೊಡಬಹುದಾದ ಕೆಲಸ. ನಮ್ಮ ಷೇರು ಹಣದ ಕೆಲಸವಲ್ಲ. ನಮಗೆ ಇಂಧನ ಬೇಕಾದದ್ದು ಅಡಿಕೆ ಬೇಯಿಸುವ ಒಲೆಗೆ, ಪಲ್ಪರ್‌ಗೆ, ಪಂಪ್‌ಸೆಟ್ಟಿಗೆ. ಅದಕ್ಕೆ ಬೇಕಾದ ಸಾಮಾನು ನಮ್ಮ ಹಿತ್ತಲಲ್ಲೇ ಕೊಳೆಯುತ್ತಿದೆ. ಕಾಫಿ ಪಲ್ಪಿಂಗ್ ನೀರಿನಿಂದ ಅನಿಲ ತೆಗೆಯುವುದನ್ನು ಅದೇ ವಿಜ್ಞಾನ ಸಂಸ್ಥೆಯ ಎಚ್. ಎನ್. ಚಾಣಕ್ಯ ಮೊದಲಾದವರು ಅಭ್ಯಾಸ ಮಾಡಿದ್ದಾರೆ. ಹಳ್ಳಕ್ಕೆ ಬಿಟ್ಟರೆ ಮೀನು ಸಾಯಿಸುವ ಅದೇ ನೀರು ತೊಟ್ಟಿಯಲ್ಲಿ ಉರಿಯಾಗುತ್ತದೆ. ಸುಗ್ಗಿಯಲ್ಲಿ ರಸ್ತೆ ಬದಿಗೆ ಸುರಿಯುವ ಹಸಿ ಸಿಪ್ಪೆಯ ವಿಚಾರವನ್ನು ಬೇರೆಯಾಗಿಯೇ ಬರೆಯಬೇಕು.

ಸಭೆಯ ಮುಂದೆ ನಾನು ಎರಡು ಗೊತ್ತುವಳಿ ಇಡುವವನಿದ್ದೇನೆ. ಪಾಚಿ ಹೊಂಡಕ್ಕೆ ಸಂಘದಿಂದ ಸಾಲವಾಗಲಿ ಶಿಫಾರಸಾಗಲಿ ಕೂಡದು ಎಂಬುದು ಒಂದು. ಎರಡೂ ಪೇಟೆಗಳ ಕೊಳಚೆ ನೀರಿನಲ್ಲಿ ಪಾಚಿ ಹೊಂಡದ ಪ್ರಯೋಗ ನಡೆಸಬೇಕೆಂದು ನಗರಪಾಲಿಕೆ ಮತ್ತು ನಗರಸಭೆಗೆ ಮನವಿ ಕೊಡುವುದು ಇನ್ನೊಂದು. ಕಂಪನಿಯವರು ಬಂದು ಉತ್ತರ ಹೇಳುವುದಾದರೆ ಹೇಳಲಿ; ಆದರೆ ಯಾವ ಊರಿನ ಯಾವ ಹೊಂಡದಿಂದ ಎಷ್ಟು ಲೀಟರ್ ಎಣ್ಣೆ ಎರಡು ವರ್ಷ ಸತತ ಮಾರಾಟವಾಗಿದೆ ಎಂಬ ರಸೀದಿಯನ್ನು ಜೊತೆಗೆ ತರಲಿ. ಈಗಾಗಲೇ ಮುಂಗಡ ಕೊಟ್ಟಿರುವ ಸದಸ್ಯರು ಕರಾರು ಪತ್ರದ ನಕಲನ್ನು ಸಭೆಗೆ ಮುಂಚೆ ಕಚೇರಿಗೆ ತಂದು ತೋರಿಸಬೇಕಾಗಿ ಕೋರಿಕೆ.